ಬೇಲಿ ದಾಟಿದ ದೊಡ್ಡಪತ್ರೆ

ಹೊಟ್ಟೆಯೊಳಗೆ ಬೆಂಕಿ ಬಿದ್ದರೆ ಹೊಗೆ ಎಲ್ಲಿಂದ ಆಚೆ ಹೋಗುತ್ತದೆ? ಹೇಳಿ ನೋಡೋಣ. ಗೊತ್ತಾಗಲಿಲ್ಲ ತಾನೆ? ರಾಚಯ್ಯನಿಗೂ ಗೊತ್ತಿರಲಿಲ್ಲ. ಪಾಪ, ಉರಿಯುತ್ತಿದ್ದದ್ದು ಅವನದೇ ಹೊಟ್ಟೆ.

ಹೊಳೆ ದಡದಲ್ಲೊಂದು ಆಶ್ರಮ. ಅಲ್ಲಿನ ಗುರುಗಳು ತಮ್ಮ ಶಿಷ್ಯರಾದ ರಾಚಯ್ಯ, ಕೆಂಪಣ್ಣ ಇಬ್ಬರಿಗೂ ಬೇಲಿಯ ಆಚೆ ಈಚೆ ಒಂದೊಂದು ತುಂಡು ನೆಲ ಕೊಟ್ಟು, "ಮಕ್ಕಳು ಆಡೋಕೆ ತೋಟ ಮಾಡ್ರಪ್ಪ" ಅಂದಿದ್ದರು.

ರಾಚಯ್ಯ ದಾರ ಹಿಡಿದ ಹಾಗೆ ಸಾಲು ಸಾಲಾಗಿ ಚೆಂಡುಹೂವು ನೆಟ್ಟ. ಕೆಂಪಣ್ಣ ಒಂದು ಕಡೆ ಮರಳು ಸುರಿದ, ಒಂದು ಕಡೆ ಕೆಸರು ಕಲಸಿದ, ಒಣಗಿದ ಸೋರೆ ಬುರುಡೆಗಳನ್ನು ಕೊಂಬೆಗೆ ಕಟ್ಟಿದ, ಬೇಲಿ ಪಕ್ಕ ದೊಡ್ಡಪತ್ರೆ ನೆಟ್ಟ.

ಮಕ್ಕಳೆಲ್ಲ ಹೋಗಿ ಕೆಸರಿಗೇ ಬಿದ್ದರು. ಬುರುಡೆ ಬಡಿದರು. ಕಣ್ಣು ಕಾಣದ ಪುಟ್ಟ ಹುಡುಗಿ ದೇವೀರಿ ವಾಸನೆ ಹಿಡಿದು ಬಂದು, ದೊಡ್ಡಪತ್ರೆ ಎಲೆ ತಿಕ್ಕಿ ತಿಕ್ಕಿ ಮೂಸುತ್ತ ಕೂರುತ್ತಿದ್ದಳು.

ರಾಚಯ್ಯನ ಕಡೆ ಒಂದು ನರಪಿಳ್ಳೆ ಇಲ್ಲ. ಆಚೆಯಿಂದ ನಗು ಕೇಳಿದಾಗಲೆಲ್ಲ ಅವನಿಗೆ ಹಸಿಮೆಣಸಿನಕಾಯಿ ಕಚ್ಚಿದ ಹಾಗೆ.

"ಬುದ್ಧೀ, ಕೆಂಪಣ್ಣಂದು ತೋಟವಾ? ಹಂದಿ ಹೊರಳೋ ಜಾಗ," ಅಂತ ಗುರುಗಳ ಹತ್ತಿರ ದೂರಿದ.

"ಹೌದಪ್ಪ. ಚೆನ್ನಾಗಿ ಹೊರಳ್ತಾವೆ," ಅಂದರು ಗುರುಗಳು.

"ನನ್ನ ತೋಟಕ್ಕೆ ಒಂದೇ ಒಂದು ಮಗು ಬಂದಿದ್ದರೂ ಸಾಕಿತ್ತು."



ಮಧ್ಯಾಹ್ನ ಕೆಂಪಣ್ಣ ಊಟಕ್ಕೆ ಹೋದ ಹೊತ್ತು ನೋಡಿ ರಾಚಯ್ಯ ದೊಡ್ಡಪತ್ರೆಯನ್ನು ಬೇರುಸಮೇತ ಕಿತ್ತು ತಂದ. ತನ್ನ ಚೆಂಡುಹೂವಿನ ನಡುವೆ ನೆಟ್ಟ. ಕಿತ್ತ ಗಿಡ ಘಮ್ಮೆನ್ನುತ್ತಿತ್ತು.

ಸಂಜೆ ದೇವೀರಿ ಬಂದಳು. ಮೂಗರಳಿಸಿದಳು. ನೆಟ್ಟಗೆ ರಾಚಯ್ಯನ ತೋಟಕ್ಕೇ ನಡೆದಳು. ಅವಳ ಹಿಂದೆ ಉಳಿದ ಮಕ್ಕಳೂ ನುಗ್ಗಿದರು.

ರಾಚಯ್ಯ ಹಿಗ್ಗಿ ಹೀರೇಕಾಯಿಯಾದ. ಕೆಂಪಣ್ಣನ ಮುಖ ಹೇಗಾಗಿದೆ ಅಂತ ಕತ್ತು ಉದ್ದ ಮಾಡಿ ಇಣುಕಿದ. ಈ ಕಡೆ ತಿರುಗುವಷ್ಟರಲ್ಲಿ ಅವನ ಹೂವಿನ ಸಾಲೆಲ್ಲ ಅಪ್ಪಚ್ಚಿ.

"ಕಾಲು ತೆಗೀರೋ, ಕೋತಿಗಳಾ. ನಡೀರಿ ಆಚೆ."

ಮಕ್ಕಳು ದಿಕ್ಕಾಪಾಲಾದರು. ದೇವೀರಿ ಒಬ್ಬಳೇ ಎಲೆ ಹಿಡಿದು ನಿಂತಳು.

"ಅಣ್ಣಾ, ಎಲ್ಲಿ ಕಾಲಿಟ್ರೆ ಬೈಯಲ್ಲ?"

ರಾಚಯ್ಯ ತಿರುಗಿ ನೋಡಿದರೆ ಗುರುಗಳು ನಿಂತಿದ್ದಾರೆ.

"ಬುದ್ಧೀ, ಮಕ್ಕಳು ಬರಲಿ ಅಂತಲೇ ಗಿಡ ಕದ್ದೆ."

"ಬಂದರಲ್ಲ."

"ತುಳಿದುಬಿಟ್ಟರು."

"ಕಾಲು ಮನೇಲಿ ಬಿಟ್ಟು ಬರೋ ಮಕ್ಕಳು ಬೇಕಿತ್ತೇನಪ್ಪ ನಿನಗೆ?"

ಈ ಕೊನೆಯ ಮಾತು ನಾನೇ ಕಟ್ಟಿದ್ದು, ಸುಳ್ಳು ಯಾಕೆ. ನಿಜವಾಗಿ ಗುರುಗಳು ದೇವೀರಿಯ ಕೈ ಹಿಡಿದುಕೊಂಡು, ಉಳಿದಿದ್ದ ಚೆಂಡುಹೂವಿನ ಮೇಲೇ ನಡೆದು ಹೋದರಂತೆ.