ಕಾಗೆ ಆರಿಸಿದ ಊರು

ಮೊಟ್ಟೆಯಿಡುವ ಮೊದಲು ಕಾಗೆ ಕ್ಷೇಮವಾದ ಊರು ಹುಡುಕಿಕೊಂಡು ಹೊರಟಿತು. ಒಂದೂರಿನಲ್ಲಿ ಹದ್ದು, ಇನ್ನೊಂದರಲ್ಲಿ ಹಾವು, ಮತ್ತೊಂದರಲ್ಲಿ ಗಾಳಿಪಟದ ಮಾಂಜಾ ದಾರ. ಏಳನೆಯ ಊರಿನ ಹೊಂಗೆಮರದಲ್ಲಿ ಕೋಗಿಲೆಯೊಂದು ಕೂತಿತ್ತು.

"ತಂಗೀ, ಈ ಊರು ಮಕ್ಕಳನ್ನು ಸಾಕಲು ಹೇಗೆ?" ಎಂದು ಕಾಗೆ ಕೇಳಿತು.

"ನನ್ನ ಮಕ್ಕಳೆಲ್ಲ ಬೆಳೆದದ್ದು ಇಲ್ಲೇ, ಅಕ್ಕಾ. ಒಂದು ದಿನವೂ ನಾನು ಚಿಂತೆ ಮಾಡಿದವಳಲ್ಲ. ನೆರೆಹೊರೆಯವರು ಅಷ್ಟು ಒಳ್ಳೆಯವರು."

ಇನ್ನೇನು ಬೇಕು? ಕಾಗೆ ಅದೇ ಮರದಲ್ಲಿ ಗೂಡು ಕಟ್ಟಿ ಮೂರು ಮೊಟ್ಟೆಯಿಟ್ಟಿತು. ಹದ್ದು ಬಂದೀತೆಂದು ಹಗಲೆಲ್ಲ ಆಕಾಶವನ್ನೇ ಕಾಯುತ್ತಿತ್ತು. ಪಾಪ, ಕೋಗಿಲೆ ದಿನವೂ ಬಂದು, "ನೀನು ಊಟ ಮುಗಿಸಿ ಬಾ, ಅಕ್ಕಾ. ಗೂಡು ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತಿತ್ತು.

ವಾರದೊಳಗೆ ಮೂರು ಮೊಟ್ಟೆಯೂ ಮರದ ಬುಡದಲ್ಲಿ ಒಡೆದು ಬಿದ್ದಿದ್ದವು. "ಗಾಳಿ ಜಾಸ್ತಿ" ಎಂದಿತು ಕೋಗಿಲೆ. ಆದರೂ ಗೂಡಿನಲ್ಲಿ ಒಂದು ಮೊಟ್ಟೆ ಉಳಿದಿತ್ತು! ದೇವರು ದೊಡ್ಡವನು ಎಂದುಕೊಂಡು ಕಾಗೆ ಅದಕ್ಕೇ ಕಾವು ಕೊಟ್ಟಿತು, ತುತ್ತು ಕೊಟ್ಟಿತು, ಬೆಳೆಸಿತು.

ಮರಿ ಮೊದಲ ಸಲ "ಕುಹೂ" ಎಂದ ದಿನ ಕಾಗೆ ತನ್ನ ತವರಿಗೆ ಹೇಳಿ ಕಳಿಸಿತು: "ಊರೆಂದರೆ ಇದು! ನಮ್ಮ ವಂಶದಲ್ಲಿ ಯಾರಿಗೂ ಬಾರದ ಸಂಗೀತ ನನ್ನ ಮಗನಿಗೆ ಬಂದಿದೆ. ನೀವೂ ಇಲ್ಲಿಗೇ ಬಂದು ಮೊಟ್ಟೆಯಿಡಿ."