ಕನ್ನಡಿಗೆ ಕಾಣದ ಜಾಗ

ಹೂಂಗುಟ್ಟೋರು ಇದ್ದೀರೇನ್ರಪ್ಪಾ? ಇದ್ರೆ ಕೇಳಿ. ಶಿವಮ್ಮಣ್ಣಿಗೆ ಒಬ್ಬನೇ ಮಗ, ಗುರುಮಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅದೇ ಅವಳ ತಲೆನೋವು! ಅವಳ ಅಣ್ಣ ಪುಟ್ಟಬುದ್ಧಿ ಹೊಸ ಕಾರು ತಗೊಂಡು ಬಂದು, "ನಿನ್ನ ಮಗ ಇದನ್ನ ಕಲಿತು ನಮ್ಮನ್ನ ಪೇಟೆಗೆ ಕರ್ಕೊಂಡು ಹೋಗ್ಲಿ, ನನ್ನ ಮಗಳು ರಾಜಮ್ಮಣ್ಣಿನ ಕೊಡ್ತೀನಿ. ಆಗ್ಲಿಲ್ವಾ, ಬೇರೆ ಗಂಡು ನೋಡ್ತೀನಿ" ಅಂದ. ರಾಜಮ್ಮಣ್ಣಿ ಅಂದ್ರೆ ಶಿವಮ್ಮಣ್ಣಿಗೆ ಪ್ರಾಣ.

ಮೊದಲ ದಿನ ಗುರುಮಲ್ಲ ಕಾರು ಹಿಂದಕ್ಕೆ ಬಿಟ್ಟ. ಢಮಾರ್! ದನದ ನೀರಿನ ತೊಟ್ಟಿ ಎರಡು ಹೋಳು!

"ಅಯ್ಯೋ ಮಂಕೇ! ಹೊರಡೋ ಮುಂಚೆ ಕನ್ನಡಿ ನೋಡ್ಬೇಕು ಕಣೋ!"

"ಹಂಗೇ ಆಗ್ಲಿ ಕಣವ್ವ!"

ಮಾರನೇ ದಿನ ಕನ್ನಡಿ ನೋಡಿದ. ಒಳಗಿದ್ದೋನ ಹಣೆ ಬರಿದು! ಬರೀ ಹಣೇಲಿ ಹೊರಟ್ರೆ ಅವ್ವ ಬಿಟ್ಟಾಳಾ? ಮೂರು ಕನ್ನಡಿಗೂ ಅಡ್ಡಡ್ಡ ವಿಭೂತಿ ಬಳಿದ. ಹಿಂದಿಂದೇನೂ ಕಾಣದೆ ಕೋಳಿಗೂಡಿಗೆ ಗುದ್ದಿದ.

"ನಿನ್ನ ಮೂತಿ ನೋಡೋಕಲ್ವೋ! ಹಿಂದಿರೋದು ಕಾಣೋ ಹಂಗೆ ತಿರುಗಿಸ್ಕೊಂಡು ನೋಡು!"

"ಹಂಗೇ ಆಗ್ಲಿ ಕಣವ್ವ!"

ಮೂರನೇ ದಿನ ಹಿಂದಿರೋದನ್ನ ನೋಡಿದ್ದೇ ನೋಡಿದ್ದು. ಸೀದಾ ತಿಪ್ಪೆಗೇ ನುಗ್ಗಿಸಿದ! ಸಗಣಿ ಒರೆಸ್ಕೊಳ್ತಾ, "ಹಿಂದೆ ಯಾರಿಗೂ ತಗಲಲಿಲ್ಲ ಕಣವ್ವ!" ಅಂದ.

ಪುಟ್ಟಬುದ್ಧಿ ತಲೆ ಚಚ್ಕೊಂಡ. "ಮುಂದೆ ನೋಡೋ! ಆಗಾಗ ಕನ್ನಡಿ ನೋಡು. ಬಾಗಿಲ ಪಕ್ಕ ಕನ್ನಡಿಗೂ ಕಾಣದ ಜಾಗ ಒಂದಿರುತ್ತೆ. ಕಾರು ತಿರುಗಿಸೋ ಮುಂಚೆ ಅಲ್ಲಿ ಯಾರೂ ಇಲ್ಲ ಅಂತ ಕಣ್ಣಾರೆ ನೋಡ್ಕೊ!"

"ಹಂಗೇ ಆಗ್ಲಿ ಮಾವ!"

ಪೇಟೆಗೆ ಕರ್ಕೊಂಡು ಹೋಗೋ ಪರೀಕ್ಷೆ ದಿನ ಬಂತು. ಮುಂದೆ ಮಾವ, ಹಿಂದೆ ಶಿವಮ್ಮಣ್ಣಿ, ರಾಜಮ್ಮಣ್ಣಿ. ಕಾರು ನೆಟ್ಟಗೆ ಹೋಯ್ತು! ಶಿವಮ್ಮಣ್ಣಿಗೆ ಹೋದ ಜೀವ ಬಂದಂಗಾಯ್ತು. ಪೇಟೆಯ ಇಳಿಜಾರಲ್ಲಿ ತಿರುಗಿಸ್ಬೇಕು. ಗುರುಮಲ್ಲ ಕಾರು ನಿಧಾನ ಮಾಡಿದ, ಬಾಗಿಲು ತೆಗೆದ, ಇಳಿದೇ ಬಿಟ್ಟ! ಕಾರು ಉರುಳ್ತಾ ಹೋಯ್ತು.

"ಲೋ! ಎಲ್ಲಿದ್ದೀಯೋ?" ಮಾವ ಕಿರುಚಿದ.

"ಕಾಣದ ಜಾಗದಲ್ಲಿದ್ದೀನಿ ಮಾವ! ಇಲ್ಲಿ ಯಾರೂ ಇಲ್ಲ, ಧೈರ್ಯವಾಗಿ ತಿರುಗಿಸಿ!"

ರಾಜಮ್ಮಣ್ಣಿ ಹಿಂದಿಂದ ಬಗ್ಗಿ ಹ್ಯಾಂಡ್‌ಬ್ರೇಕ್ ಎಳೆದಳು. ಬಳೆ ಅಂಗಡಿಗೆ ಒಂದು ಗೇಣು ಇದ್ದಂಗೆ ಕಾರು ನಿಂತಿತು.

"ಈ ಪೆದ್ದನಿಗೆ ಮಗಳನ್ನ ಕೊಡಲ್ಲ!" ಅಂದ ಪುಟ್ಟಬುದ್ಧಿ. ಶಿವಮ್ಮಣ್ಣಿ ಬಾಯಿಗೆ ಸೆರಗಿಟ್ಟಳು. ರಾಜಮ್ಮಣ್ಣಿ ಮಾತ್ರ ಹೊಟ್ಟೆ ಹಿಡ್ಕೊಂಡು ನಗ್ತಾ, "ಹೇಳಿದ ಮಾತು ಇಷ್ಟು ಕೇಳೋ ಗಂಡು ಇನ್ನೆಲ್ಲಿ ಸಿಗ್ತಾನಪ್ಪ? ನನಗೆ ಇವನೇ ಇರ್ಲಿ. ಕಾರು ನಾನು ಬಿಡ್ತೀನಿ" ಅಂತ ಮುಂದೆ ಬಂದು ಕೂತಳು. "ಇನ್ಮೇಲೆ ಆ ಜಾಗಕ್ಕೆ ಹೋಗ್ಬೇಡ ಭಾವ. ಯಾವಾಗ್ಲೂ ನನ್ನ ಕನ್ನಡಿಗೆ ಕಾಣೋ ಹಂಗಿರು!"

"ಹಂಗೇ ಆಗ್ಲಿ!"

ಕಾರು ಊರ ಕಡೆ ಹೊರಟಿತು. ಶಿವಮ್ಮಣ್ಣಿ ಪಕ್ಕಕ್ಕೆ ನೋಡ್ತಾಳೆ, ಮಗ ಇಲ್ಲ! ಗಾಬರಿಯಾಗಿ ಹಿಂದೆ ತಿರುಗಿದ್ರೆ, ಪಂಚೆ ಎತ್ತಿ ಕಟ್ಕೊಂಡು ಕಾರಿನ ಹಿಂದೆ ಓಡೋಡಿ ಬರ್ತಾವನೆ, ಕೈ ಬೀಸ್ತಾ ಕೂಗ್ತಾವನೆ:

"ಕಾಣ್ತಿದ್ದೀನಾ ರಾಜೂ? ಚೆನ್ನಾಗಿ ಕಾಣ್ತಿದ್ದೀನಾ?"