ಪಾಲವ್ವ ದೇವರನ್ನು ಮಳೆಗೆ ಕೂರಿಸಿದ್ದು

ನೆಟ್ಟಗೆ ಮಲಗು. ಕಂಬಳಿ ಒದೀಬೇಡ. ಕಣ್ಣು ಮುಚ್ಚಿಕೊಂಡೇ ಕೇಳಬೇಕು, ನಡುವೆ ಬಾಯಿ ಹಾಕೋ ಹಾಗಿಲ್ಲ.

ಒಂದಾನೊಂದು ಕಾಲದಲ್ಲಿ, ಮೋಡಗಳು ಬಂದು ಬರೀ ಮುಖ ತೋರಿಸಿ ಹನಿ ಉದುರಿಸದೆ ಹೊರಟುಹೋಗುತ್ತಿದ್ದ ಕಾಲದಲ್ಲಿ, ಕಲ್ಲುಗುಡ್ಡದ ಕೆಳಗೆ ತುಗ್ಗಲಿಹಟ್ಟಿ ಅಂತ ದನಗಾಹಿಗಳ ಒಂದು ಹಟ್ಟಿ ಇತ್ತಂತೆ. ಅವರು ಉಳುವವರಲ್ಲ, ಬಿತ್ತುವವರಲ್ಲ. ದನವೇ ಅವರ ಹೊಲ, ದನವೇ ಅವರ ಕಣಜ. ಆ ಹಟ್ಟಿಗೆಲ್ಲ ಯಜಮಾನಿ ಪಾಲವ್ವ ಅಂತ, ನೆಟ್ಟ ಗೂಟದ ಹಾಗೆ ನಿಲ್ಲುವ ಹೆಂಗಸು. ದನ ಕೂಡುವ ಮುಳ್ಳುಬೇಲಿಯ ರೊಪ್ಪದೊಳಗೆ ಯಾರೂ ಚಪ್ಪಲಿ ಮೆಟ್ಟಿ ಕಾಲಿಡುವ ಹಾಗಿಲ್ಲ, ಹಸುವಿನ ಎದುರು ಬೈಗುಳ ಆಡುವ ಹಾಗಿಲ್ಲ, ಕರು ಕುಡಿದು ಬಾಯಿ ಬಿಡುವ ಮೊದಲು ಯಾರೂ ಕೆಚ್ಚಲಿಗೆ ಕೈ ಹಾಕುವ ಹಾಗಿಲ್ಲ. ಅವಳಿಗೆ ಮೂವರು ಗಂಡುಮಕ್ಕಳು: ಓಬಯ್ಯ, ಬೊಮ್ಮಯ್ಯ, ಸೂರಯ್ಯ. ಮೀಸೆ ಹೊತ್ತ ಗಂಡಸರೇ, ಆದರೆ ಅವ್ವನ ಮುಂದೆ ಮೂವರೂ ಕೈಕಟ್ಟಿ ನಿಲ್ಲುತ್ತಿದ್ದರಂತೆ.

ಆಮೇಲೆ ಬರ ಬಂತಂತೆ. ಮೊದಲನೇ ವರ್ಷ ಹುಲ್ಲು ಹೋಯಿತು, ಎರಡನೇ ವರ್ಷ ಕಟ್ಟೆಯ ನೀರು ಇಂಗಿತು, ಮೂರನೇ ವರ್ಷ ಜಾಲಿಮರಗಳೂ ಬೋಳಾದವು, ಆಮೇಲೆ ಹಟ್ಟಿಯವರು ತಮ್ಮ ಗುಡಿಸಲ ಮೇಲಿನ ಹುಲ್ಲನ್ನೇ ಕಿತ್ತು ದನಕ್ಕೆ ಹಾಕಿದರಂತೆ. ಮೊದಲು ಕೀಳಿಸಿದ್ದು ಪಾಲವ್ವ, ತನ್ನದೇ ಗುಡಿಸಲಿಂದ. ಜನ ಹೇಗೋ ಇದ್ದಾರು, ದನ ಹೋದರೆ ಹಟ್ಟಿಯೇ ಹೋಯಿತು ಅಂದಳಂತೆ.

ಆಗ ಹಿರಿಯ ಮಗ ಓಬಯ್ಯ, ಅವ್ವ, ಮಳೆರಾಯನ್ನ ಹೊರೋಣ ಅಂದನಂತೆ. ಸರಿ, ಮಣ್ಣಿನ ಮಳೆರಾಯನ್ನ ಮಾಡಿ, ಹಲಗೆ ಮೇಲಿಟ್ಟು, ತಲೆ ಮೇಲೆ ಹೊತ್ತು ಮನೆಮನೆಗೆ ಹೋದ. ಕುಡಿಯೋದಕ್ಕಿಲ್ಲದ ನೀರನ್ನ ಮನೆಮನೆಯವರೂ ತಂದು ಮಳೆರಾಯನ ನೆತ್ತಿಗೆ ಸುರಿದರು. ಪಾಲವ್ವ ತಿರುಗಿ ನೋಡ್ತಾಳೆ, ಅಯ್ಯೋ ಶಿವನೇ, ಮೆರವಣಿಗೆಯ ಹಿಂದೆ ಹಿಂದೆ ದನಗಳು ಒದ್ದೆ ನೆಲ ನೆಕ್ಕುತ್ತ ಬರುತ್ತಿವೆ! ಅವಳ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತುಹೋಯಿತಂತೆ. ಮಳೆ ಮಾತ್ರ ಬರಲಿಲ್ಲ.

ಆಮೇಲೆ ನಡುವಿನವನು ಬೊಮ್ಮಯ್ಯ, ಅವ್ವ, ಕಪ್ಪೆ ಮದುವೆ ಮಾಡೋಣ ಅಂದನಂತೆ. ಆ ಬರದಲ್ಲಿ ಕಪ್ಪೆ ಎಲ್ಲಿ ಸಿಗಬೇಕು? ಬಾವಿ ತಳದ ಕೆಸರು ಕೆದಕಿ ಒಂದೇ ಒಂದು ಗಂಡು ಸಿಕ್ಕಿತು. ಹೆಣ್ಣು ಸಿಗದೆ ಮಣ್ಣಿನ ಹೆಣ್ಣುಕಪ್ಪೆ ಮಾಡಿ, ಅರಿಶಿನ ಬಳಿದು, ಪಕ್ಕದಲ್ಲಿ ಕೂರಿಸಿದರು. ಮದುಮಗ ಮದುಮಗಳ ಮುಖ ನೋಡಿದ, ಒಂದೇ ನೆಗೆತಕ್ಕೆ ಕಲ್ಲುಸಂದಿ ಸೇರಿಕೊಂಡ. ಮದುವೆ ಮುರಿಯಿತು, ಮಳೆ ಬರಲಿಲ್ಲ.

ಪಾಲವ್ವ ಕಿರಿಯವನ ಕಡೆ ತಿರುಗಿ, ಏನಪ್ಪಾ ಸೂರಯ್ಯ, ನಿನ್ನ ಬಾಯಲ್ಲಿ ಕಡುಬಿದೆಯಾ, ನೀನೂ ಒಂದು ಹೇಳು ಅಂದಳಂತೆ. ನಂಗೇನೂ ತೋಚಲ್ಲವ್ವ, ಕಾಯೋಣ ಅಂದನಂತೆ ಅವನು. ಕಾಯೋದಕ್ಕಾ ನಿನ್ನ ಹೆತ್ತಿದ್ದು ಅಂತ ಬೈದು, ಹಾಗಾದರೆ ನಾನೇ ಹೇಳ್ತೀನಿ, ಹಿರೀಕರು ಮಾಡ್ತಿದ್ದದ್ದು ಒಂದಿದೆ, ತಾಯಿಯಿಂದ ಕರು ಅಗಲಿಸಿ, ತಾಯಿಗಳ ಕೂಗು ಮುಗಿಲಿಗೆ ಮುಟ್ಟಿದರೆ ಮುಗಿಲು ಕರಗಲೇಬೇಕು ಅಂದಳಂತೆ.

ಸೂರಯ್ಯನ ಹೆಂಡತಿ ತಿಪ್ಪಕ್ಕ, ಕಂಕುಳಲ್ಲಿ ಕೂಸು ಇಟ್ಟುಕೊಂಡಿದ್ದವಳು, ಅತ್ತೆ, ಮಳೆ ಹಿಡಿದಿಟ್ಟಿರೋದು ಕರುಗಳಾ, ಅವಕ್ಯಾಕೆ ಶಿಕ್ಷೆ ಅಂದುಬಿಟ್ಟಳು. ಪಾಲವ್ವ ಅವಳ ಕಡೆ ತಿರುಗಿ, ನೀನು ಹೊಲ ಉಳೋರ ಮನೆಯಿಂದ ಬಂದವಳು, ದನದ ವಿಷಯ ನಿನಗೇನು ಗೊತ್ತು, ಹೋಗು, ಮೊದಲು ನಿನ್ನ ಕೂಸಿನ ಮೂಗು ಒರೆಸು ಅಂದಳಂತೆ.

ಆಮೇಲೆ ದಿಬ್ಬದ ಆಚೆ ಇನ್ನೊಂದು ಮುಳ್ಳುಬೇಲಿ ಹಾಕಿ ಕರುಗಳನ್ನೆಲ್ಲ ಅಲ್ಲಿ ಕೂಡಿದರಂತೆ. ಪಾಲವ್ವ ತಾನೇ ಹೋಗಿ ರಾಗಿಗಂಜಿಯಲ್ಲಿ ಬೆರಳು ಅದ್ದಿ ಒಂದೊಂದಕ್ಕೂ ಚೀಪಿಸಿ, ಬಾಯಿ ಒರೆಸಿ, ಮೈ ಸವರಿ ಬರುತ್ತಿದ್ದಳು. ಅವಳೇನು ಕೆಟ್ಟವಳಲ್ಲ. ಈ ಕಡೆ ಹಸುಗಳು ಕೂಗಿದವು ನೋಡು, ಹಿಂಡಿನ ಮುಂದಾಳು ಹಸು ಅರಿಶಿಣಿ ಒಂದು ಸಲ ಅಂಬಾ ಅಂದರೆ ಉಳಿದವೆಲ್ಲ ದನಿಗೂಡಿಸಿ, ಗುಡ್ಡ ಅದನ್ನೇ ತಿರುಗಿ ಕೂಗಿ, ಯಾರಿಗೂ ತುತ್ತು ಇಳಿಯಲಿಲ್ಲವಂತೆ. ಮೊದಲನೇ ದಿನ ಹಾಗೆ. ಎರಡನೇ ದಿನವೂ ಹಾಗೆ. ಮೂರನೇ ದಿನ ಬೆಳಗಾಗೆದ್ದು ಪಾಲವ್ವ ಕಿವಿಗೊಡುತ್ತಾಳೆ, ಒಂದು ಕೂಗಿಲ್ಲ! ಓಡಿ ಹೋದರೆ, ಹಸುಗಳೆಲ್ಲ ದಿಬ್ಬಕ್ಕೆ ಬೆನ್ನು ಮಾಡಿ, ಮುಖ ಕೆಳಗೆ ಹಾಕಿ, ಕಲ್ಲಿನ ಹಾಗೆ ನಿಂತಿದ್ದವಂತೆ.

ಅದೇ ಮಧ್ಯಾಹ್ನ ಮುಗಿಲು ಕಪ್ಪಿಟ್ಟು, ಗಾಳಿ ಎದ್ದು, ಮಳೆ ಬಂತಂತೆ! ಎಂಥ ಮಳೆ! ಸೂರಿಲ್ಲದ ಗುಡಿಸಲುಗಳೆಲ್ಲ ಹಂಡೆಗಳಾದವು. ಜನ ಕುಣಿದರು, ಪಾಲವ್ವ ಗೆದ್ದಳು ಅಂತ ಕೂಗಿದರು. ಪಾಲವ್ವ ತನ್ನ ಕೈಯಾರೆ ಬೇಲಿ ಸರಿಸಿ ಕರುಗಳನ್ನು ಬಿಟ್ಟಳು. ಬಾಲ ಎತ್ತಿ ಓಡಿದವು ಓಡಿದವು, ಅರಿಶಿಣಿಯ ಕರು ಎಲ್ಲಕ್ಕಿಂತ ಮುಂದೆ. ಅರಿಶಿಣಿ ಅದನ್ನು ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಫಡೀರಂತ ಒದ್ದುಬಿಟ್ಟಿತಂತೆ!

ಕರು ಕೆಸರಿಗೆ ಬಿತ್ತು. ಎದ್ದು ಹೋಯಿತು, ಇನ್ನೊಂದು ಒದೆ. ಏಯ್ ಅರಿಶಿಣಿ, ನಿನ್ನ ಕಣ್ಣಿಗೇನು ಬಂತೇ, ನಿನ್ನ ಕರು ಕಣೇ ಅಂತ ಪಾಲವ್ವ ಕಿರುಚಿದಳು. ಸುತ್ತ ನೋಡಿದರೆ ಎಲ್ಲ ಹಸುಗಳದೂ ಅದೇ ಕತೆ, ಒಂದು ಕೊಂಬು ತೋರಿಸುತ್ತೆ, ಒಂದು ಕಾಲೆತ್ತುತ್ತೆ. ಮಳೆ ಸುರಿಯುತ್ತಿದೆ, ಹಾಲು ಕಾಣದ ಕರುಗಳು ಒಂದೊಂದಾಗಿ ಮಂಡಿ ಊರುತ್ತಿವೆ. ಕುಣಿಯುತ್ತಿದ್ದ ಜನ ಕುಣಿದ ಕಾಲಲ್ಲೇ ನಿಂತುಬಿಟ್ಟರಂತೆ.

ಆ ಹೊತ್ತಿಗೆ ಪಕ್ಕದ ಕರೇಕಲ್ಲಹಟ್ಟಿಯವನೊಬ್ಬ, ತಪ್ಪಿಸಿಕೊಂಡ ಹೋರಿ ಹುಡುಕುತ್ತ, ನೆನೆದು ತೊಪ್ಪೆಯಾಗಿ ಬಂದನಂತೆ. ನಿಮ್ಮಲ್ಲೂ ಮಳೆಯಾ, ನೀವೇನು ಮಾಡಿದ್ರಪ್ಪಾ ಅಂತ ಪಾಲವ್ವ ಕೇಳಿದಳು. ಮಾಡೋದೇನವ್ವ, ಸುಮ್ನೆ ಕಾಯ್ತಿದ್ವಿ, ಬಂತು ಅಂದ ಅವನು. ಪಾಲವ್ವನಿಗೆ ಸಿಡಿಲು ಬಡಿದ ಹಾಗಾಯಿತಂತೆ. ಸೂರಯ್ಯನ ಮುಖ ನೋಡಲಿಲ್ಲ, ತಿಪ್ಪಕ್ಕನ ಮುಖವನ್ನೂ ನೋಡಲಿಲ್ಲ.

ಆದರೂ ಅವಳು ಕೂತು ಅಳುವ ಹೆಂಗಸಲ್ಲ. ಹಸು ಕರುವನ್ನ ಗುರುತು ಹಿಡಿಯೋದು ವಾಸನೆಯಿಂದ, ನನ್ನ ಕೈವಾಸನೆ ಹತ್ತಿಸಿ ನಾನೇ ಕೆಡಿಸಿದೆ, ಮಿಕ್ಕದ್ದನ್ನ ಮಳೆ ತೊಳೀತು, ತನ್ನಿ ಉಪ್ಪು ಅಂದಳಂತೆ. ಹಸು ಕರುವನ್ನು ಒಲ್ಲೆ ಅಂದರೆ ಕರುವಿನ ಮೈಗೆ ಉಪ್ಪು ಸವರೋದು ಹಟ್ಟಿಯವರಿಗೆಲ್ಲ ಗೊತ್ತು. ಉಪ್ಪಿನ ಆಸೆಗೆ ತಾಯಿ ನೆಕ್ಕುತ್ತೆ, ನೆಕ್ಕುತ್ತ ನೆಕ್ಕುತ್ತ ತನ್ನದು ಅನ್ನುತ್ತೆ. ಸವರಿದರು. ಸವರಿದಷ್ಟೂ ಮಳೆ ತೊಳೆಯಿತು. ಒಳಗೆ ಕರೆದುಕೊಂಡು ಹೋಗೋಣ ಅಂದರೆ ಯಾವ ಗುಡಿಸಲಿಗೂ ಮೇಲೆ ಹುಲ್ಲಿಲ್ಲ. ಇಡೀ ಹಟ್ಟಿಯಲ್ಲಿ ಸೋರದ ಜಾಗ ಒಂದೇ, ಹಟ್ಟಿಯ ದೇವರನ್ನು ಕೂರಿಸಿದ ಪೆಟ್ಟಿಗೆ ಇಟ್ಟಿದ್ದ ಕಲ್ಲುಗುಡಿ.

ಪಾಲವ್ವ ಗುಡಿ ಬಾಗಿಲು ತೆಗೆದಳಂತೆ. ಪೆಟ್ಟಿಗೆ ಎತ್ತಿ ಆಚೆ ಇಡಿ, ಹಸುಗಳನ್ನ ಒಳಗೆ ಹೊಡೀರಿ ಅಂದಳಂತೆ. ಓಬಯ್ಯನ ಬಾಯಿ ತೆರೆದೇ ಇತ್ತು. ಅವ್ವಾ, ದೇವರು ಮಳೇಲಾ, ಸಗಣಿ ಗುಡೀಲಾ ಅಂದ. ಮೂರು ವರ್ಷ ಮಳೆ ಬಚ್ಚಿಟ್ಟಿದ್ದೋನು, ಈಗ ಹೊರಗೆ ಕೂತು ನೋಡ್ಲಿ ಹೇಗಿರುತ್ತೆ ಅಂತ, ಎತ್ತೋ ಅಂದಳು! ಮುದುಕರು ಕಿವಿ ಮುಚ್ಚಿಕೊಂಡರಂತೆ. ಮೂವರು ಮಕ್ಕಳೂ ಪೆಟ್ಟಿಗೆ ಹೊತ್ತು ಆಚೆ ಬೇವಿನ ಬುಡಕ್ಕೆ ಇಟ್ಟರು.

ಮೊದಲು ಅರಿಶಿಣಿ ಒಳಗೆ ಹೋಯಿತು, ಹಿಂದೆ ಅದರ ಕರು. ತಿಪ್ಪಕ್ಕ ತನ್ನ ಸೆರಗಿನಿಂದಲೇ ಕರುವಿನ ಮೈ ಒರೆಸಿ ಉಪ್ಪು ಸವರಿದಳು. ಅರಿಶಿಣಿ ಪಾಲವ್ವನ ಕೈಯಲ್ಲಿದ್ದ ಉಪ್ಪು ನೆಕ್ಕಿತು, ಕರುವಿಗೆ ಒದ್ದಿತು. ಎರಡನೇ ಸಲ ಕರುವಿನ ಬೆನ್ನು ನೆಕ್ಕಿತು, ಉಪ್ಪು ಮುಗಿದ ಮೇಲೆ ಒದ್ದಿತು. ಪಾಲವ್ವ ನೋಡಿದಳು. ಆಮೇಲೆ, ಜನ್ಮದಲ್ಲಿ ಮಾಡದೆ ಇದ್ದದ್ದು ಮಾಡಿದಳಂತೆ. ಕರು ಬಾಯಿ ಹಾಕದ ಕೆಚ್ಚಲಿಗೆ ತಾನು ಕೈ ಹಾಕಿದಳು. ಒದೆ ಬಿತ್ತು, ಮೊಣಕಾಲಿನ ಚಿಪ್ಪಿಗೇ ಬಿತ್ತು. ತಡೆದುಕೊಂಡು, ಹಲ್ಲು ಕಚ್ಚಿ, ಒಂದು ಬೊಗಸೆ ಹಾಲು ಹಿಂಡಿ, ಉಪ್ಪಿನ ಜೊತೆ ಕಲಸಿ, ಕರುವಿನ ನೆತ್ತಿಯಿಂದ ಬಾಲದವರೆಗೂ ಬಳಿದಳಂತೆ.

ಅರಿಶಿಣಿ ಮೂಸಿತು, ನೆಕ್ಕಿತು. ಉಪ್ಪು ಮುಗಿಯಿತು, ಆದರೂ ನೆಕ್ಕಿತು. ಆಮೇಲೆ ಗಂಟಲೊಳಗೇ ಸಣ್ಣಗೆ, ಕರುವಿಗೆ ಮಾತ್ರ ಕೇಳೋ ಹಾಗೆ, ಹೂಂ ಅಂದಿತಂತೆ. ಕರು ಕೆಚ್ಚಲಿಗೆ ಬಾಯಿ ಹಾಕಿತು. ತಿಪ್ಪಕ್ಕ ಗೊಳೋ ಅಂತ ಅತ್ತುಬಿಟ್ಟಳು.

ಆಮೇಲೆ ಒಂದಾದ ಮೇಲೊಂದು ಹಸು, ಒಂದಾದ ಮೇಲೊಂದು ಕರು, ಮಕ್ಕಳು ಸೊಸೆಯರು ಎಲ್ಲರೂ ಕೈಹಾಕಿದರು, ಗುಡಿಯ ತುಂಬ ಸಗಣಿ, ಹಾಲು, ಉಪ್ಪು. ಪಾಲವ್ವ ಕಾಲೂರಲು ಆಗದೆ ಕುಂಟುತ್ತ ಹೊರಗೆ ಬಂದು ದೇವರ ಪೆಟ್ಟಿಗೆಯ ಪಕ್ಕದಲ್ಲಿ ಕೂತಳಂತೆ. ತಿಪ್ಪಕ್ಕ ಕಂಬಳಿ ತಂದು, ಅತ್ತೆ, ತಲೆ ಮೇಲೆ ಹಾಕ್ಕೊಳ್ಳಿ, ಮಳೆ ಜೋರಾಗಿದೆ ಅಂದಳು. ಬೇಡ ಅಂದಳು ಅತ್ತೆ. ಹಾಗಾದರೆ ದೇವರಿಗಾದರೂ ಹೊದಿಸ್ತೀನಿ ಅಂದಳು. ಅವನಿಗೂ ಬೇಡ ತಾಯಿ, ಆ ಕಂಬಳಿ ಕರುಗಳಿಗೆ ಹಾಕು, ನಾವಿಬ್ಬರೂ ನೆನೀಬೇಕಾದೋರೇ ಅಂದಳಂತೆ ಪಾಲವ್ವ.

ಒಂದು ಕರುವೂ ಸಾಯಲಿಲ್ಲ. ಕಟ್ಟೆ ತುಂಬಿತು, ಹುಲ್ಲು ಎದ್ದಿತು, ಗುಡಿಸಲಿಗೆ ಹೊಸ ಹುಲ್ಲು ಹೊದಿಸಿದರು, ಗುಡಿ ತೊಳೆದು ದೇವರನ್ನ ಒಳಗೆ ಕರೆದರು, ದೇವರೂ ಏನೂ ಅನ್ನದೆ ಬಂದು ಕೂತ. ಅಂದಿನಿಂದ ಆ ಹಟ್ಟಿಯಲ್ಲಿ ಯಾವ ಬರ ಬಂದರೂ ಕರುವನ್ನ ತಾಯಿಯಿಂದ ಅಗಲಿಸಿದ್ದಿಲ್ಲವಂತೆ. ಎಲ್ಲರೂ ಹಾಲು ಮಜ್ಜಿಗೆ ಉಂಡು ಸುಖವಾಗಿದ್ದರು. ಕರು ಮಲಗಿತು, ತಾಯಿ ಮಲಗಿತು, ಕತೆಯೂ ಮುಗೀತು, ಇನ್ನು ನೀನು ಮಲಗು.